ಹಳೆಯ ಚಿತ್ರಕಥೆಯೊಂದರ ಬೆಲೆ

ಹೊತ್ತಗೆಯ ಯೋಗ್ಯತೆಯನ್ನು ಅದರೊಳಗಿನ ಪಾಠದಿಂದ ಅಳೆಯಬೇಕೆಂದು ಮಠದ ಪಾಠಶಾಲೆಯಲ್ಲಿ ಕಲಿತವರು ನಾವು. ಹುಳು ತಿಂದ ಓಲೆಗರಿಯ ಕಟ್ಟು ಕೈಗೆ ಬಂದರೆ ಮೊದಲು ನೋಡುತ್ತಿದ್ದುದು ಗ್ರಂಥ ಯಾವುದು, ಪಾಠ ಶುದ್ಧವೇ, ಕೊನೆಯ ಗರಿಯಲ್ಲಿ ಲಿಪಿಕಾರನ ಹೆಸರೂ ಸಂವತ್ಸರವೂ ಉಳಿದಿವೆಯೇ ಎಂಬುದನ್ನು. ಗರಿಯ ಅಂಚು ಮುರಿದಿದ್ದರೆ ಮನಸ್ಸಿಗೆ ವ್ಯಥೆಯಾಗುತ್ತಿತ್ತು. ಗ್ರಂಥದ ಗೌರವವೇನೂ ಕುಗ್ಗುತ್ತಿರಲಿಲ್ಲ. ಲೋಕದಲ್ಲಿ ಇದಕ್ಕೆ ತೀರ ಭಿನ್ನವಾದ ಇನ್ನೊಂದು ಅಳತೆಗೋಲೂ ಉಂಟು. ಅದನ್ನು ನಾವು ವಿಚಾರಿಸಿ ತಿಳಿಯಬೇಕಾಗಿ ಬಂದದ್ದು ರಾಜಾನುಕುಂಟೆಯ ಒಂದು ಭಕ್ತ ಕುಟುಂಬದ ಪಾಲುಪಟ್ಟಿಯ ನಿಮಿತ್ತದಿಂದ.

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ರಾಜಾನುಕುಂಟೆಯಲ್ಲಿ ಹೊಲಗಳು ನಿವೇಶನಗಳಾದ ಬಗೆಯನ್ನು ಆ ಭಾಗದ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ಈ ಕುಟುಂಬದಲ್ಲಿ ಇಬ್ಬರು ಸಹೋದರರು, ಅವರಿಗೆ ಒಬ್ಬಳು ತಂಗಿ. ಜಮೀನಿನ ವಿಲೇವಾರಿ ಕೆಲವು ವರ್ಷಗಳ ಹಿಂದೆಯೇ ಮುಗಿದಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು 2005ರ ತಿದ್ದುಪಡಿ ಕೊಟ್ಟಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಆ ಪಾಲಿನ ಮಾತು ಬಂದ ದಿನವೇ ಹಕ್ಕುಬಿಡುಗಡೆ ಪತ್ರವೂ ಸಿದ್ಧವಾಗುತ್ತದೆ. ಈ ತಾಯಿಯೂ ಇಬ್ಬರು ಸಾಕ್ಷಿಗಳ ಎದುರಿಗೆ ಸಹಿ ಹಾಕಿ ಕೊಟ್ಟಿದ್ದರು. ಉಳಿದಿದ್ದುದು ಹಳೆಯ ತೊಟ್ಟಿಯ ಮನೆ. ಅದನ್ನು ಕೆಡವುವ ಮೊದಲು ಕಂಚಿನ ಪಾತ್ರೆ, ಮರದ ಪೆಟ್ಟಿಗೆ, ತೂಗುಮಣೆಗಳ ಪಟ್ಟಿ ಮಾಡುತ್ತಿದ್ದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಪುಸ್ತಕಗಳು ಸಿಕ್ಕವು. ನಮ್ಮನ್ನು ಕರೆಸಿದರು.

ನಮ್ಮ ಆಸೆಯೇ ಬೇರೆ. ಮನೆ ಮಾರಿ ಮುದ್ರಣಾಲಯ ನಡೆಸಿದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ 1923ರ ಮೊದಲ ಮುದ್ರಣವೇನಾದರೂ ಇದ್ದೀತೇ ಎಂದು ಟ್ರಂಕಿನ ತಳದವರೆಗೂ ತಡಕಿದೆವು. ಇರಲಿಲ್ಲ. ಪಂಚಾಂಗಗಳೂ ಶಾಲೆಯ ಪಠ್ಯಗಳೂ ಇದ್ದವು. ಅವುಗಳ ನಡುವೆ ‘ಅಮರ ಚಿತ್ರಕಥೆ’ಯ ‘ಕೃಷ್ಣ’, ಕನ್ನಡದ ಪ್ರತಿ. ರಟ್ಟಿನ ಮೂಲೆ ಮಡಿಚಿತ್ತು. ಬೆನ್ನು ಬಿರುಕು ಬಿಟ್ಟ ಕಡೆ ತೀರಿಕೊಂಡ ಯಜಮಾನರು ಸೆಲ್ಲೋಟೇಪು ಹಚ್ಚಿದ್ದು ಜೇನಿನ ಬಣ್ಣಕ್ಕೆ ತಿರುಗಿತ್ತು. ಪಿನ್ನುಗಳ ತುಕ್ಕು ನಡುಹಾಳೆಗೆ ಇಳಿದಿತ್ತು. ಮೊದಲ ಪುಟದಲ್ಲಿ ನೀಲಿ ಬಾಲ್‌ಪೆನ್ನಿನಿಂದ ಒಬ್ಬ ಬಾಲಕಿಯ ಹೆಸರು, ಆಶೀರ್ವಾದದ ಎರಡು ಪದ, ಅದರ ಕೆಳಗೆ ಅನಂತ ಪೈ ಅವರ ಸಹಿ. ಆ ಹೆಸರು ಈ ತಂಗಿಯದು.

ಅಮರ ಚಿತ್ರಕಥೆಯ ಸಂಪಾದಕರಾಗಿದ್ದ ಅನಂತ ಪೈ ನಮ್ಮ ಕಾರ್ಕಳದಲ್ಲಿ 1929ರಲ್ಲಿ ಜನಿಸಿದವರು, 2011ರಲ್ಲಿ ತೀರಿಕೊಂಡರು. 1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳ ಹೆಸರು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯದಿದ್ದುದನ್ನು ಕಂಡು ಈ ಮಾಲೆಯ ಯೋಚನೆ ಬಂತೆಂದು ಅವರು ಹೇಳುತ್ತಿದ್ದರು. ಆದರೆ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ. ಕೆ. ಅನಂತರಾಮ್ ಅವರ ವಿವರಣೆಯಂತೆ ಮಾಲೆಯ ಮೊದಲ ಹತ್ತು ಪುಸ್ತಕಗಳು 1965ರಲ್ಲೇ ಕನ್ನಡದಲ್ಲಿ ಹೊರಬಂದಿದ್ದವು. ಅವು ಪಾಶ್ಚಾತ್ಯ ಅದ್ಭುತಕಥೆಗಳು. ಇಂಗ್ಲಿಷಿನ ಮಾಲೆ ‘ಕೃಷ್ಣ’ದಿಂದ ಮೊದಲಾದರೂ ಆ ಪುಸ್ತಕದ ಸಂಖ್ಯೆ 11 ಆದದ್ದು ಹೀಗೆ. ಕನ್ನಡವೇ ಹಿರಿಯಕ್ಕನಾಗಿದ್ದ ಈ ಸಂಗತಿ ನಮ್ಮವರಲ್ಲಿ ಎಷ್ಟು ಮಂದಿಗೆ ಗೊತ್ತು?

ಕಿರಿಯ ಸಹೋದರರ ಮಗ ಸಾಫ್ಟ್‌ವೇರ್ ಉದ್ಯೋಗಿ. ಹಳೆಯ ಚಿತ್ರಕಥೆಗಳು ಕೋಟಿಗಟ್ಟಲೆಗೆ ಮಾರಾಟವಾಗುತ್ತವೆಂದು ಅವನು ಓದಿಕೊಂಡಿದ್ದ. ಅದು ಸುಳ್ಳಲ್ಲ. 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಪಾಲುಪಟ್ಟಿಯಲ್ಲಿ ಪುಸ್ತಕದ ಹೆಸರು ಬರೆದು ಬೆಲೆಯ ಜಾಗವನ್ನು ಖಾಲಿ ಬಿಟ್ಟಿದ್ದರು. “ಅಯ್ಯನವರೇ, ತಾವು ಓಲೆಗರಿಗಳಿಗೇ ಕಾಲ ನಿರ್ಣಯ ಮಾಡಿದವರು, ಇದಕ್ಕೊಂದು ಬೆಲೆ ಕಟ್ಟಿಕೊಡಿ” ಎಂದರು ಹಿರಿಯರು. ತಂಗಿ ಕಂಬಕ್ಕೆ ಒರಗಿ ನಿಂತಿದ್ದರು, ಮಾತನಾಡಲಿಲ್ಲ.

ನಾವು ಒಂದು ವಾರದ ಅವಕಾಶ ಕೇಳಿ, ಬಲ್ಲವರಿಂದ ವಿಚಾರಿಸಿಕೊಂಡೆವು. ಅಮೆರಿಕದಲ್ಲಿ 2000ದಲ್ಲಿ ಆರಂಭವಾದ ಸಿಜಿಸಿ ಎಂಬ ಸಂಸ್ಥೆ ಚಿತ್ರಕಥೆಗಳಿಗೆ ದರ್ಜೆ ಕೊಡುತ್ತದೆ. 10 ಅಂದರೆ ನಿರ್ದೋಷ, 0.5 ಅಂದರೆ ಕಳಪೆ. ಪರೀಕ್ಷಕರು ಕಥೆಯನ್ನು ಓದುವುದಿಲ್ಲ. ಮಡಿಕೆ, ಕಲೆ, ತುಕ್ಕು, ಬೆನ್ನಿನ ಬಿರುಕು, ಕಾಣೆಯಾದ ಚೂರು ಇವನ್ನು ನೋಡುತ್ತಾರೆ. ಬಣ್ಣ ಹಚ್ಚಿ ತಿದ್ದಿದ್ದರೆ ಅದನ್ನು ಬೇರೆ ಬಣ್ಣದ ಚೀಟಿಯಲ್ಲಿ ಸಾರಿ ಹೇಳುತ್ತಾರೆ, ಬೆಲೆ ಇಳಿಯುತ್ತದೆ. ಕೊನೆಗೆ ಪುಸ್ತಕವನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಮುದ್ರೆ ಹಾಕುತ್ತಾರೆ. ಅದನ್ನು ಒಡೆಯದೆ ಮತ್ತೆ ಯಾರೂ ಓದುವಂತಿಲ್ಲ. ಓದಲಾಗದಂತೆ ಮಾಡಿ ಪುಸ್ತಕವನ್ನು ಕಾಪಾಡುವ ಈ ಜಾಣ್ಮೆಗೆ ನಮಗೆ ನಗು ಬಂದುದುಂಟು.

ಸಹಿಯ ವಿಷಯ ಇನ್ನೂ ಸೂಕ್ಷ್ಮ. ಸಂಸ್ಥೆಯ ಸಾಕ್ಷಿಯೆದುರಿಗೆ ಹಾಕಿದ ಸಹಿಗೆ ಹಳದಿ ಚೀಟಿಯ ಗೌರವವುಂಟು. ಯಾರೂ ಸಾಕ್ಷಿಯಿಲ್ಲದ ಹಳೆಯ ಸಹಿಯನ್ನು ಅವರು ಪುಟದ ಮೇಲಿನ ಗೀಚೆಂದೇ ಎಣಿಸಬಹುದು, ಇಲ್ಲವೆ ಷರತ್ತಿನ ಹಸಿರು ಚೀಟಿ ಕೊಡಬಹುದು. ಅದರ ಮೇಲೆ, ಸಹಿಯ ಜೊತೆಗೆ ಇಂಥವರಿಗೆ ಎಂದು ಹೆಸರು ಬರೆದಿದ್ದರೆ ಕೊಳ್ಳುವವರ ಉತ್ಸಾಹ ಸಾಮಾನ್ಯವಾಗಿ ತಗ್ಗುತ್ತದೆ. ಬೇರೆಯವಳ ಹೆಸರಿನ ಪುಸ್ತಕ ಯಾರಿಗೆ ಬೇಕು? ನಮಗೋ ಆ ಹೆಸರೇ ಸಹಿಗೆ ಬಲ ಕೊಡುವಂತೆ ತೋರಿತು. ವಚನಕ್ಕೆ ಅಂಕಿತವಿದ್ದ ಹಾಗೆ ಅದು ಈ ಪ್ರತಿಯನ್ನು ಇಂಥದೆಂದು ಗುರುತಿಸುತ್ತದೆ. ಮೋಸ ಮಾಡುವವನು ಮಾರುಕಟ್ಟೆಯಲ್ಲಿ ಬೆಲೆ ಕಳೆಯುವ ಹೆಸರನ್ನು ತಾನಾಗಿ ಏಕೆ ಬರೆದಾನು?

ಮುದ್ರಣದ ಕಾಲವನ್ನು ಮಾತ್ರ ನಾವು ನಮ್ಮ ಹಳೆಯ ವಿಧಾನದಿಂದಲೇ ಹಿಡಿದೆವು. ಗ್ರಂಥವೊಂದರಲ್ಲಿ ಯಾವ ಕವಿಗಳ ಹೆಸರು ಬಂದಿದೆಯೋ ಆ ಗ್ರಂಥ ಅವರಿಗಿಂತ ಹಿಂದಿನದಾಗಲಾರದು. ಅದೇ ರೀತಿ ಹಿಂಬದಿಯ ರಟ್ಟಿನಲ್ಲಿ ಅಚ್ಚಾದ ಪುಸ್ತಕಪಟ್ಟಿ ಎಷ್ಟು ಸಂಖ್ಯೆಯವರೆಗೆ ಬೆಳೆದಿದೆಯೋ ಅದಾದ ಮೇಲೆ ಈ ಪ್ರತಿ ಅಚ್ಚಾಗಿರಬೇಕು. ಇದರಲ್ಲಿ ಪಟ್ಟಿ 11ನ್ನು ದಾಟಿ ಬಹುದೂರ ಹೋಗಿತ್ತು. ಆದ್ದರಿಂದ ಇದು ಮರುಮುದ್ರಣ.

ಮುಂದಿನ ಸೋಮವಾರ ಪೂಜೆ ಮುಗಿದ ಮೇಲೆ ಎಲ್ಲರನ್ನೂ ಕೂಡಿಸಿ ಇಷ್ಟನ್ನು ಹೇಳಿದೆವು. ಮರುಮುದ್ರಣ, ಟೇಪು, ತುಕ್ಕು, ಸಾಕ್ಷಿಯಿಲ್ಲದ ಸಹಿ ಎಲ್ಲವನ್ನೂ ಹಿಡಿದರೆ ದರ್ಜೆ 2ರ ಆಸುಪಾಸು. ಕೋಟಿಯ ಮಾತು ಬಿಡಿ, ಇದನ್ನು ಮಾರಿ ಬಂದದ್ದರಲ್ಲಿ ಮನೆ ಕೆಡವುವ ಜೆಸಿಬಿಯ ಬಾಡಿಗೆಯೂ ಹುಟ್ಟದೆಂದು ನಮ್ಮ ಅಭಿಪ್ರಾಯ ಎಂದೆವು. ಹುಡುಗನ ಮುಖ ಸಪ್ಪಗಾಯಿತು. “ಹಾಗಾದರೆ ಸೊನ್ನೆ ಬರೆಯೋಣವೇ?” ಎಂದು ಹಿರಿಯರು ಪೆನ್ನೆತ್ತಿದರು.

ನಾವು ತಡೆದೆವು. ಪಟ್ಟಿಯಲ್ಲಿ ಬರೆಯಬೇಕಾದದ್ದು ತಂದೆಯ ಆಸ್ತಿಯನ್ನು. ಈ ಪುಸ್ತಕವನ್ನು ಕೊಟ್ಟವರು ಯಾರಿಗೆ ಕೊಟ್ಟೆವೆಂದು ಮೊದಲ ಪುಟದಲ್ಲೇ ಬರೆದಿದ್ದಾರೆ. ಆ ಹೆಸರಿನವರು ಇಲ್ಲೇ ನಿಂತಿದ್ದಾರೆ. ಬೆಲೆ ಒಂದು ರೂಪಾಯಿಯೇ ಇರಲಿ, ಕೋಟಿಯೇ ಇರಲಿ, ಇದು ಪಾಲಿಗೆ ಬರತಕ್ಕದ್ದಲ್ಲ.

“ಸಹಿ ಹಾಕಿದ್ದನ್ನು ಕಂಡವರು ಯಾರು?” ಎಂದ ಹುಡುಗ. ಕೇಳತಕ್ಕ ಪ್ರಶ್ನೆಯೇ.

“ನಾನು ಕಂಡಿದ್ದೇನೆ ಕಣಪ್ಪ” ಎಂದರು ಆ ತಾಯಿ. ಪುಸ್ತಕದ ಪ್ರದರ್ಶನವೊಂದಕ್ಕೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದು, ಹೆಸರೇನು ಮಗು ಎಂದು ಪೈ ಅವರು ಕೇಳಿದ್ದು, ನಾಚಿಕೆಯಿಂದ ಬಾಯಿ ಬಾರದೆ ಅಪ್ಪನೇ ಹೇಳಿದ್ದು, ಒಂದೊಂದನ್ನೂ ಹೇಳಿದರು. ಆಮೇಲೆ ಸ್ವಲ್ಪ ತಡೆದು, “ಅವತ್ತು ಸಾಕ್ಷಿ ಹಾಕಿಸಿಕೊಳ್ಳಬೇಕು ಅಂತ ಗೊತ್ತಿರಲಿಲ್ಲ ಅಣ್ಣ. ಆಫೀಸಿನಲ್ಲಿ ಪತ್ರಕ್ಕೆ ಸಹಿ ಹಾಕಿದಾಗಲೇ ನಾನು ಸಾಕ್ಷಿ ಅನ್ನೋದನ್ನು ನೋಡಿದ್ದು” ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಹಿರಿಯರು ಬಹಳ ಹೊತ್ತು ತಲೆಯೆತ್ತಲಿಲ್ಲ.

ಆ ಪತ್ರದ ವಿಷಯವನ್ನು ನಮ್ಮನ್ನು ಯಾರೂ ಕೇಳಿರಲಿಲ್ಲ. ಆದರೂ ಕಾಯಕದ ಫಲದಲ್ಲಿ ಹೆಣ್ಣು ಗಂಡೆಂಬ ಭೇದ ಮಾಡದ ಶರಣರ ಹೆಸರು ಹೇಳುವ ಮನೆಯಲ್ಲಿ ಮರುಯೋಚನೆಗೆ ಎಡೆಯಿದೆಯೆಂದಷ್ಟು ಹೇಳಿದೆವು. ಅದಕ್ಕೆ ಉತ್ತರ ಬರಲಿಲ್ಲ; ಈ ಬರಹದ ಹೊತ್ತಿಗೂ ಬಂದಿಲ್ಲ. ಪಾಲುಪಟ್ಟಿಯಲ್ಲಿ ಪುಸ್ತಕದ ಸಾಲನ್ನು ಮಾತ್ರ ಹಿರಿಯರೇ ಹೊಡೆದುಹಾಕಿದರು.

ಹೊರಡುವಾಗ ಆ ತಾಯಿ ಟೇಪನ್ನು ಕಿತ್ತು ಹೊಸದು ಹಚ್ಚಬಹುದೇ ಎಂದು ಕೇಳಿದರು. ಬೇಡ, ಕಿತ್ತರೆ ಅಚ್ಚೂ ಕೂಡಿಕೊಂಡು ಬರುತ್ತದೆ; ಬಿಸಿಲಿಗೂ ತೇವಕ್ಕೂ ದೂರವಾಗಿ ಮಲಗಿಸಿಡಿ, ಪಿನ್ನಿನ ಕಡೆ ಒತ್ತಿ ತೆರೆಯಬೇಡಿ ಎಂದೆವು. “ಮೊಮ್ಮಗ ಓದಬೇಕು ಅಂತಾನೆ” ಎಂದರು. ಕೈ ತೊಳೆದುಕೊಂಡು ಓದಲಿ ಎಂದೆವು.