ನಿಕ್ಕಲ್

ನಮ್ಮ ಮನೆಗಳಲ್ಲಿ ಚಿನ್ನಬೆಳ್ಳಿಗಳಿಗೆ ಬೀಗದ ಪೆಟ್ಟಿಗೆಯುಂಟು. ತಾಮ್ರಹಿತ್ತಾಳೆಗಳಿಗೆ ದೇವರ ಮನೆಯಲ್ಲಿಯೂ ಅಡಿಗೆಯ ಮನೆಯಲ್ಲಿಯೂ ಸ್ಥಾನವುಂಟು. ಕಬ್ಬಿಣಕ್ಕೂ ಹಿತ್ತಿಲಲ್ಲಿ ಒಂದು ಮೂಲೆಯುಂಟು. ನಿಕ್ಕಲೆಂಬ ಲೋಹವು ಮಾತ್ರ ತನ್ನ ಹೆಸರನ್ನು ಹೇಳಿಕೊಳ್ಳದೆ ಇವೆಲ್ಲವುಗಳ ನಡುವೆ ಸೇರಿಕೊಂಡಿರುವುದು. ಉಣ್ಣುವ ತಟ್ಟೆಯಲ್ಲಿ, ಹಳೆಯ ನಾಣ್ಯದಲ್ಲಿ, ಮಕ್ಕಳ ಕಿವಿಯೋಲೆಯಲ್ಲಿ ಅದು ಬೇರೆ ಬೇರೆ ವೇಷಗಳನ್ನು ಧರಿಸುವುದು. ಅದನ್ನು ಗುರುತಿಸಲು ಕಲಿಯುವುದು ಗೃಹಸ್ಥರಿಗೆ ಕೇವಲ ಕುತೂಹಲದ ವಿಷಯವಲ್ಲ. ಹಣದ ಮತ್ತು ಆರೋಗ್ಯದ ವಿಷಯವೂ ಹೌದು.

ಇದರ ಹೆಸರೇ ಒಂದು ಬೈಗುಳು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಗಣಿಗಾರರಿಗೆ ತಾಮ್ರದ ಅದಿರಿನಂತೆ ಕೆಂಪಗೆ ತೋರುವ ಒಂದು ಕಲ್ಲು ದೊರೆಯುತ್ತಿದ್ದಿತು. ಎಷ್ಟು ಕಾಸಿದರೂ ಅದರಿಂದ ತಾಮ್ರವು ಹೊರಡಲಿಲ್ಲ. ಅದರೊಳಗಿದ್ದ ಪಾಷಾಣದ ಹೊಗೆಯಿಂದ ರೋಗವು ಬರುತ್ತಿದ್ದಿತು. ಗಣಿಯಲ್ಲಿರುವ ತುಂಟಭೂತವೇ ಈ ಮೋಸವನ್ನು ಮಾಡುತ್ತಿದೆಯೆಂದು ಬಗೆದು ಅವರು ಆ ಕಲ್ಲನ್ನು ‘ಕುಪ್ಫರ್‌ನಿಕ್ಕಲ್’, ಎಂದರೆ ತಾಮ್ರದ ಭೂತವೆಂದು ಕರೆದರು. 1751ರಲ್ಲಿ ಸ್ವೀಡನ್ ದೇಶದ ಕ್ರೋನ್‌ಸ್ಟೆಟ್ ಎಂಬ ಪಂಡಿತನು ಅಂತಹದೇ ಅದಿರನ್ನು ಶೋಧಿಸಿ, ಅದರಲ್ಲಿರುವುದು ಹೊಸದೊಂದು ಲೋಹವೆಂದು ತಿಳಿದುಕೊಂಡನು. ಭೂತವು ಹೋಯಿತು, ಹೆಸರು ಉಳಿಯಿತು. ಚೀನೀಯರಾದರೋ ಅದಕ್ಕೂ ಬಹುಕಾಲ ಮೊದಲೇ, ಅದರ ಪರಿಚಯವಿಲ್ಲದೆಯೇ, ನಿಕ್ಕಲ್ ಬೆರೆತ ‘ಬಿಳಿಯ ತಾಮ್ರ’ದಿಂದ ಪಾತ್ರೆಗಳನ್ನು ಮಾಡುತ್ತಿದ್ದರು.

ನಿಕ್ಕಲ್ ನಸುಹಳದಿಯ ಛಾಯೆಯುಳ್ಳ ಬಿಳಿಯ ಲೋಹ. ನೀರಿಗಿಂತ 8.9 ಪಾಲು ಭಾರ; 1455 ಸೆಂಟಿಗ್ರೇಡ್ ಡಿಗ್ರಿಗಳಲ್ಲಿ ಕರಗುವುದು. ತಂತಿಯಾಗಿ ಎಳೆಯಬಹುದು, ತಗಡಾಗಿ ಬಡಿಯಬಹುದು. ಗಾಳಿಯಲ್ಲಿ ಬೇಗನೆ ಕೆಡದು. ಮೆರುಗನ್ನು ಚೆನ್ನಾಗಿ ಹಿಡಿಯುವುದು. ಇದನ್ನು ಶುದ್ಧಿಮಾಡುವ ಒಂದು ವಿಧಾನವು ಬಲು ವಿಚಿತ್ರವಾದುದು. ಇದ್ದಲು ಅರೆಬರೆಯಾಗಿ ಉರಿಯುವಾಗ ಹುಟ್ಟುವ ವಿಷವಾಯುವನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ನಿಕ್ಕಲಿನ ಮೇಲೆ ಹಾಯಿಸಿದರೆ, ಲೋಹವೇ ಆವಿಯಾಗಿ ಹಾರಿಹೋಗುವುದು. ಆ ಆವಿಯನ್ನು 200 ಡಿಗ್ರಿಗೂ ಮೇಲೆ ಕಾಯಿಸಿದರೆ ಅಪ್ಪಟ ಲೋಹವು ಮರಳಿ ಬೀಳುವುದು. 1890ರಲ್ಲಿ ಲುಡ್ವಿಗ್ ಮಾಂಡ್ ಮತ್ತು ಆತನ ಸಂಗಡಿಗರು ಇದನ್ನು ಪ್ರಕಟಿಸಿದರು. ಕೆನಡಾ ದೇಶದ ಸಡ್‌ಬರಿಯ ಗಣಿಗಳು ಬಹಳ ಕಾಲ ಪ್ರಸಿದ್ಧವಾಗಿದ್ದುವು. ಇಂದು ಲೋಕದ ನಿಕ್ಕಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಡೋನೇಷ್ಯದಿಂದ ಬರುತ್ತಿದೆ.

ಅಯಸ್ಕಾಂತವು ನಿಕ್ಕಲನ್ನು ಎಳೆಯುವುದು. ಹಳೆಯ ನಾಣ್ಯಗಳನ್ನು ಕೂಡಿಟ್ಟಿರುವ ವಾಚಕರು ಪರೀಕ್ಷಿಸಿ ನೋಡಬಹುದು. 1947ರ ರೂಪಾಯಿಯು ಅಪ್ಪಟ ನಿಕ್ಕಲ್ಲಾದುದರಿಂದ ಅಂಟಿಕೊಳ್ಳುವುದು. 1907ರಲ್ಲಿ ಹೊರಟ, ಅಲೆಯಂಚಿನ ಒಂದಾಣೆಯು ಮೂರು ಪಾಲು ತಾಮ್ರ, ಒಂದು ಪಾಲು ನಿಕ್ಕಲ್, ಅದು ಅಂಟದು. ಕೂಡಿದವರೊಡನೆ ತನ್ನ ಗುಣವನ್ನು ಬದಲಿಸಿಕೊಳ್ಳುವುದೇ ಈ ಲೋಹದ ಸ್ವಭಾವ. ಉಕ್ಕಿಗೆ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಸೇರಿಸಿದರೆ ನಮ್ಮ ಉತ್ತಮ ಸ್ಟೀಲ್ ಪಾತ್ರೆಯಾಗುವುದು. ಎರಡು ಅಯಸ್ಕಾಂತಪ್ರಿಯ ಲೋಹಗಳು ಸೇರಿದ್ದರೂ ಅಯಸ್ಕಾಂತವು ಅದನ್ನು ಹಿಡಿಯದು. ಅಂಟದಿದ್ದರೆ ಒಳ್ಳೆಯ ಸ್ಟೀಲೆಂದು ಅಂಗಡಿಯವರು ಹೇಳುವುದು ಇದರಿಂದಲೇ. ಆದರೆ ನಿಕ್ಕಲನ್ನು ಕಡಮೆಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ ಉಕ್ಕೂ ಅಂಟುವುದಿಲ್ಲ. ಆದಕಾರಣ ಈ ಪರೀಕ್ಷೆಯೊಂದನ್ನೇ ನಂಬಿ ಹೆಚ್ಚು ಬೆಲೆ ಕೊಡಲಾಗದು.

ಜರ್ಮನ್ ಸಿಲ್ವರಿನ ಮಾತು ಇನ್ನೂ ಸ್ವಾರಸ್ಯವಾದುದು. ತಾಮ್ರ, ಸತು, ನಿಕ್ಕಲ್ ಇವುಗಳ ಈ ಮಿಶ್ರಣದಲ್ಲಿ ಬೆಳ್ಳಿಯು ಗುಲಗಂಜಿಯಷ್ಟೂ ಇಲ್ಲ. ನಮ್ಮ ಸೋದರತ್ತೆಯವರು ಮದುವೆಯಲ್ಲಿ ಬಂದ ಜರ್ಮನ್ ಸಿಲ್ವರ್ ಪನ್ನೀರುದಾನಿಯನ್ನು ಬಹಳ ವರ್ಷ ಬೆಳ್ಳಿಯ ಸಾಮಾನಿನೊಡನೆ ಬೀಗದೊಳಗಿಟ್ಟಿದ್ದರು. ಅಕ್ಕಸಾಲಿಯು ನೋಡಿ ತಲೆಯಲ್ಲಾಡಿಸಿದ ಮೇಲೆ ಅದು ನಡುಮನೆಗೆ ಬಂದಿತು. ದಿನವೂ ಉಪಯೋಗಕ್ಕೂ ಬಂದಿತು.

ಇನ್ನು ಕೈಗಾರಿಕೆಗಳಲ್ಲಿ ಇದರ ಸೇವೆಯು ಅಪಾರ. ಕಬ್ಬಿಣದೊಡನೆ ನೂರಕ್ಕೆ 36 ಪಾಲು ನಿಕ್ಕಲ್ ಬೆರೆಸಿದರೆ ಶಾಖಕ್ಕೆ ಬಹುಮಟ್ಟಿಗೆ ಹಿಗ್ಗದ ‘ಇನ್ವಾರ್’ ಆಗುವುದು. 1896ರಲ್ಲಿ ಇದನ್ನು ಕಂಡುಹಿಡಿದ ಗಿಯೋಮನಿಗೆ 1920ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಎಣ್ಣೆಯನ್ನು ವನಸ್ಪತಿಯಾಗಿ ಗಟ್ಟಿಗೊಳಿಸುವಾಗ ನಿಕ್ಕಲಿನ ಪುಡಿಯು ತಾನು ವೆಚ್ಚವಾಗದೆ ಕೆಲಸವನ್ನು ಮಾಡಿಕೊಡುವುದು. ಆ ವನಸ್ಪತಿಯ ಗುಣದೋಷಗಳ ಮಾತು ಬೇರೆ.

ಇಷ್ಟು ಉಪಕಾರಿಯಾದ ಲೋಹದ ಒಂದು ಅಪಕಾರವನ್ನು ಹೇಳದೆ ಬಿಡಲಾರೆವು. ನಮ್ಮ ಬಂಧುಗಳ ಮನೆಯ ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಜಾತ್ರೆಯಲ್ಲಿ ಕೊಂಡ ಓಲೆಗಳನ್ನು ಹಾಕಿದ ಮೇಲೆ ಕಿವಿಯು ತುರಿಸಿ, ಕೆಂಪೇರಿ, ರಸಿಯೊಸರಲಾರಂಭಿಸಿತು. ಮನೆಯವರು ದೃಷ್ಟಿ ತೆಗೆದರು. ಬೇವು ಅರಿಸಿನಗಳನ್ನು ಹಚ್ಚಿದರು. ಓಲೆಯನ್ನು ಮಾತ್ರ ತೆಗೆಯಲಿಲ್ಲ. ಕೊನೆಗೆ ವೈದ್ಯರು ಓಲೆಯನ್ನು ಬಿಚ್ಚಿಸಿ, ಇದು ನಿಕ್ಕಲಿನ ಕೆಲಸವೆಂದರು. ಬೆವರಿನಲ್ಲಿ ಕರಗಿದ ನಿಕ್ಕಲಿನ ಅಂಶವು ಕೆಲವರ ಚರ್ಮಕ್ಕೆ ಒಗ್ಗದು; ಹೊಸದಾಗಿ ಚುಚ್ಚಿದ ಕಿವಿಯಲ್ಲಿ ಈ ಅಪಾಯವು ಹೆಚ್ಚು. ಒಮ್ಮೆ ಒಗ್ಗದಾದರೆ ಆ ದೋಷವು ಸಾಮಾನ್ಯವಾಗಿ ಜೀವಮಾನವೆಲ್ಲ ಉಳಿಯುವುದು; ಮುಂದೆ ಗಡಿಯಾರದ ಪಟ್ಟಿಯೂ ನಡುಪಟ್ಟಿಯ ಕೊಂಡಿಯೂ ತುರಿಕೆಯನ್ನು ತರುವುವು. ಇಂತಹ ಒಡವೆಗಳಲ್ಲಿ ನಿಕ್ಕಲಿಗೆ ಐರೋಪ್ಯ ಒಕ್ಕೂಟವು 1994ರಲ್ಲಿಯೇ ಮಿತಿಯನ್ನು ವಿಧಿಸಿತು.

ಆದುದರಿಂದ ತಾಯಂದಿರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಎಳೆಯ ಕಿವಿಗೆ ಎಳ್ಳಿನಷ್ಟಾದರೂ ಸರಿಯೆ, ಒಳ್ಳೆಯ ಹಳದಿ ಚಿನ್ನವನ್ನೇ ಹಾಕಿರಿ, ‘ಬಿಳಿಯ ಚಿನ್ನ’ದಲ್ಲಿ ನಿಕ್ಕಲ್ ಇರಬಹುದಾದುದರಿಂದ ವಿಚಾರಿಸಿ ಕೊಳ್ಳಿರಿ. ಸ್ಟೀಲ್ ತಟ್ಟೆಯಲ್ಲಿ ಉಣ್ಣಲು ಸಾಮಾನ್ಯರು ಅಂಜಬೇಕಾದುದಿಲ್ಲ. ಗಣಿಗಾರರು ಕಂಡ ಭೂತವು ಇರಲಿಲ್ಲ. ಆದರೆ ಅವರ ಕಾಯಿಲೆಯು ನಿಜವಾದುದಾಗಿತ್ತು. ವಸ್ತುವಿನ ಹೆಸರನ್ನೂ ಹೊಳಪನ್ನೂ ಬಿಟ್ಟು ಅದರ ಗುಣವನ್ನು ವಿಚಾರಿಸುವ ಮನೆಯಲ್ಲಿ ಹಣವೂ ಉಳಿಯುವುದು, ಮಕ್ಕಳೂ ಸುಖವಾಗಿರುವರು.