ಹಾರುವ ತಂತಿ, ಇಳಿಯುವ ತಂತಿ

ಹೆಂಗಸರ ಕೈಗೆಲಸವೆಂದರೆ ಕಸೂತಿ, ಕ್ರೋಶಾ, ಮಣಿಯ ತೋರಣ, ವಯರ್ ಬ್ಯಾಗು ಎಂದು ನಮ್ಮಲ್ಲಿ ಒಂದು ಪಟ್ಟಿ ಲಾಗಾಯ್ತಿನಿಂದ ನಡೆದುಬಂದಿದೆ. ಇವುಗಳಲ್ಲಿ ಯಾವುದನ್ನು ಹಿಡಿದು ಕೂತರೂ ಮನೆಗೆ ಬಂದವರು "ಎಷ್ಟು ಚೆನ್ನಾಗಿದೆ, ನನಗೂ ಹೇಳಿಕೊಡ್ರೀ" ಎನ್ನುತ್ತಾರೆ. ಆದರೆ ಐವತ್ತು ದಾಟಿದ ಟೀಚರೊಬ್ಬಳು ಕನ್ನಡಕದ ಮುಂದೆ ಭೂತಗನ್ನಡಿಯನ್ನೂ ಹಿಡಿದುಕೊಂಡು ವಿಮಾನ ಕಟ್ಟುತ್ತಾ ಕೂತರೆ? ಪಕ್ಕದ ಮನೆಯವರು ಒಂದು ಗಳಿಗೆ ನಿಂತು ನೋಡಿ, "ಮೊಮ್ಮಕ್ಕಳಿಗಾ?" ಎಂದರು. ನನಗಿರುವುದು ಒಬ್ಬಳೇ ಮಗಳು. ಅವಳಿಗಿನ್ನೂ ಮದುವೆಯಾಗಿಲ್ಲ. ವಿಮಾನದ ಹುಚ್ಚು ಅವಳದೇ.

ಹುಚ್ಚು ಎಂದರೆ ಬರೀ ಬೊಂಬೆ ವಿಮಾನದ್ದಲ್ಲ. ಇಂಜಿನಿಯರಿಂಗ್ ಮುಗಿಸಿದವಳು ವಾಯುಸೇನೆಯಲ್ಲಿ ಪೈಲಟ್ ಆಗುತ್ತೇನೆಂದು ಪರೀಕ್ಷೆ ಬರೆದು, ಮೈಸೂರಿನ ಆಯ್ಕೆ ಮಂಡಳಿಯ ಕರೆಗಾಗಿ ಕಾಯುತ್ತಿದ್ದಳು. ನಮ್ಮ ಯಜಮಾನರು "ನಿಮ್ಮಮ್ಮ ಹೂಂ ಅಂದರೆ ನನ್ನದೇನೂ ಇಲ್ಲ" ಎಂದು ಪೇಪರಿನ ಹಿಂದೆ ಮರೆಯಾದರು. ಮಗಳು, "ನೀನು ಹೂಂ ಅನ್ನದೆ ನಾನು ಮೈಸೂರಿಗೆ ಹೋಗಲ್ಲಮ್ಮಾ" ಎಂದಳು. ಆ ಹೂಂ ನನ್ನ ಗಂಟಲಲ್ಲೇ ಕೂತಿತ್ತು. ಹೀಗಿರುವಾಗ ಅವಳು ಅಂಚೆಯಲ್ಲಿ ಒಂದು ಡಬ್ಬ ತರಿಸಿದಳು. ಸಂಜೆ ಹೊತ್ತು ಇಬ್ಬರೂ ಕೂತು ಕಟ್ಟೋಣ ಎಂದಳು.

ಡಬ್ಬದಲ್ಲಿದ್ದದ್ದು ಟೈಗರ್ ಮಾತ್. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿ ಮಾಡಿದ, 1931ರಲ್ಲಿ ಮೊದಲು ಹಾರಿದ ತರಬೇತಿ ವಿಮಾನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದ ಹುಡುಗರೂ ಇದರಲ್ಲೇ ಹಾರಲು ಕಲಿತರು. ನಮ್ಮ ವಾಯುಸೇನೆ ಹಳೆಯದೊಂದನ್ನು ರಿಪೇರಿ ಮಾಡಿಸಿ 2012ರಲ್ಲಿ ಮತ್ತೆ ಹಾರಿಸಿತು. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು ಒಂಬತ್ತು ಮೀಟರು. ನಮ್ಮದು ಅದರ 72ನೆಯ ಒಂದು ಪಾಲು, ಎಂದರೆ ಹನ್ನೆರಡು ಸೆಂಟಿಮೀಟರ್ ಚಿಲ್ಲರೆ. ಅಂಗೈ ಮೇಲೆ ಕೂರುತ್ತದೆ.

ಚಿಕ್ಕದೆಂದು ಸಲೀಸಲ್ಲ. ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಪಕ್ಕಕ್ಕೆರಡರಂತೆ ನಾಲ್ಕು ಕಂಬ, ಆಸನದ ಮುಂದೆ ಮತ್ತೆ ನಾಲ್ಕು ಗಿಡ್ಡ ಕಂಬ. ಮೇಲಿನ ರೆಕ್ಕೆ ಎಂಟೂ ಕಂಬಗಳ ಮೇಲೆ ಏಕಕಾಲಕ್ಕೆ ಕೂರಬೇಕು. ಮದುವೆ ಮನೆಯ ಚಪ್ಪರ ಎತ್ತುವಾಗ ಎಂಟು ಜನ ಬೇಕು. ಇಲ್ಲಿ ಇರುವುದು ಎರಡು ಬೆರಳು, ಒಂದು ಚಿಮುಟ. ಹಾಗಾಗಿ ಬಣ್ಣವನ್ನೆಲ್ಲ ಮೊದಲೇ ಬಳಿದು, ತಂತಿಗೆ ಬೇಕಾದ ತೂತುಗಳನ್ನೂ ಮೊದಲೇ ಕೊರೆದು, ರಟ್ಟಿನಿಂದ ಒಂದು ಆಸರೆ ಕತ್ತರಿಸಿಕೊಂಡೆವು. ಅದರೊಳಗೆ ರೆಕ್ಕೆಗಳನ್ನು ಕೂರಿಸಿ ರಾತ್ರಿಯಿಡೀ ಬಿಟ್ಟೆವು. ದಿಢೀರ್ ಅಂಟು ಅವಸರದವರಿಗೆ ಒಳ್ಳೆಯದು, ಆದರೆ ಅದರ ಹಬೆ ಸುತ್ತಲೂ ಬೆಳ್ಳಗೆ ಕೂರುತ್ತದೆ. ಇದಕ್ಕೆ ನಿಧಾನದ ಅಂಟೇ ಸರಿ.

ಒಳಗಿನ ಕೆಲಸ ನನ್ನ ಪಾಲಿಗೆ ಬಂತು. ಆಸನದ ಪಟ್ಟಿ ಡಬ್ಬದಲ್ಲಿ ಇರಲಿಲ್ಲ. ನನ್ನ ಬಿ.ಪಿ. ಮಾತ್ರೆಯ ಹಿಂದಿನ ಬೇಗಡೆಯನ್ನು ಬ್ಲೇಡಿನಲ್ಲಿ ದಾರದಷ್ಟು ಸಣ್ಣಗೆ ಸೀಳಿ ಮಾಡಿದೆ. "ಎಷ್ಟು ಪಟ್ಟಿಯೇ?" ಎಂದೆ. "ನಾಲ್ಕಮ್ಮಾ, ಎರಡು ಹೆಗಲಿಗೆ, ಎರಡು ತೊಡೆಗೆ." "ಸಾಕಾ?" ಅವಳು ನನ್ನ ಮುಖ ನೋಡಿ, "ಸಾಕು" ಎಂದಳು. ನಾನು ಕೇಳಿದ್ದು ಬೊಂಬೆಯ ವಿಷಯವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹೀಗೆ ಒಂದೊಂದೇ ಕೇಳುತ್ತಾ ಹೋದೆ. ಈ ಮೇಲಿನ ರೆಕ್ಕೆ ಯಾಕೆ ಇಷ್ಟು ಮುಂದಕ್ಕಿದೆ? ಇದಕ್ಕಿಂತ ಹಿಂದಿನ ಜಿಪ್ಸಿ ಮಾತ್‌ನಲ್ಲಿ ಮುಂದಿನ ಆಸನ ಸರಿಯಾಗಿ ರೆಕ್ಕೆಯ ಅಡಿಗೇ ಬರುತ್ತಿತ್ತು. ಪ್ಯಾರಾಚೂಟ್ ಕಟ್ಟಿಕೊಂಡವರು ಹೊರಗೆ ಧುಮುಕುವುದು ಕಷ್ಟ. ಅದಕ್ಕೇ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿ, ತೂಕ ಸರಿಹೋಗಲೆಂದು ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ಕಾಗದದ ಮೇಲೆ ಗೆರೆ ಎಳೆಯುವಾಗಲೇ ಯಾರೋ ಒಬ್ಬರು ಒಳಗೆ ಕೂತವರು ಹೊರಗೆ ಬರುವ ದಾರಿಯನ್ನು ಯೋಚಿಸಿದ್ದರು ಎಂಬುದು ನನಗೆ ಯಾವ ಧೈರ್ಯದ ಮಾತಿಗಿಂತಲೂ ಹೆಚ್ಚು ಸಮಾಧಾನ ಕೊಟ್ಟಿತು.

ಆ ಜಿಪ್ಸಿ ಮಾತ್‌ನಲ್ಲೇ 1936ರಲ್ಲಿ ಲಾಹೋರಿನಲ್ಲಿ ಸರಳಾ ಠಕ್ರಾಲ್ ಎಂಬ ಹೆಣ್ಣುಮಗಳು ಒಬ್ಬಳೇ ಹಾರಿದಳು. ವಯಸ್ಸು 21, ಉಟ್ಟದ್ದು ಸೀರೆ, ಮನೆಯಲ್ಲಿ ನಾಲ್ಕು ವರ್ಷದ ಮಗು. ಅವಳನ್ನು ಹುರಿದುಂಬಿಸಿ ಕಳಿಸಿದವರು ಮಾವನವರಂತೆ! ನಾನು ಇದನ್ನು ಓದಿ ಖುಷಿಪಟ್ಟು ಮುಂದಿನ ಪುಟಕ್ಕೆ ಹೋದರೆ, ಪೈಲಟ್ ಆಗಿದ್ದ ಅವಳ ಗಂಡ 1939ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಪುಸ್ತಕ ಮುಚ್ಚಿಟ್ಟೆ. ಎರಡು ದಿನ ವಿಮಾನವನ್ನೂ ಮುಟ್ಟಲಿಲ್ಲ. ಮಗಳೂ ಕರೆಯಲಿಲ್ಲ.

ಮೂರನೆಯ ದಿನ ತಂತಿಯ ಕೆಲಸ ಶುರುವಾಯಿತು. ಈ ವಿಮಾನದ ಬಿಗಿಯೆಲ್ಲ ತಂತಿಯಲ್ಲಿದೆ. ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ತಿರುಗಿಸುತ್ತಾ ಕಾಯಿಸಬೇಕು. ಮೆತ್ತಗಾದೊಡನೆ ಉರಿಯಿಂದ ತೆಗೆದು ಎರಡೂ ಕಡೆ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಮೂವತ್ತು ವರ್ಷ ಒಂದೆಳೆ ಪಾಕ ನೋಡಿದ ಕೈಗೆ ಈ ಹದ ತಿಳಿಯದೆ? ಮಗಳ ಎಳೆ ತುಂಡಾಗುತ್ತಿತ್ತು, ನನ್ನದು ಮೊಳದುದ್ದ ಬಂತು. ಅಂಟಿಸಿದ ಮೇಲೆ ಜೋತುಬಿದ್ದರೆ ಊದುಬತ್ತಿಯ ಕೆಂಡವನ್ನು ತಗುಲಿಸದೆ ಹತ್ತಿರ ಹಿಡಿಯಬೇಕು. ಎಳೆ ತಾನಾಗಿ ಬಿಗಿಯುತ್ತದೆ. ದೇವರಿಗೆ ಹಚ್ಚಿದ್ದರಲ್ಲೇ ಒಂದು ಕಡ್ಡಿ ತಂದಿಟ್ಟುಕೊಂಡೆ.

ತಂತಿಯಲ್ಲಿ ಎರಡು ಜಾತಿ ಎಂದು ಮಗಳು ಹೇಳಿದಳು. ಕೆಳಗಿನ ಬುಡದಿಂದ ಮೇಲಿನ ರೆಕ್ಕೆಯ ಹೊರಭಾಗಕ್ಕೆ ಹೋಗುವುದು ಹಾರುವ ತಂತಿ. ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುವಾಗ ಅದು ಮಡಚಿಕೊಳ್ಳದಂತೆ ಕೆಳಕ್ಕೆ ಹಿಡಿಯುತ್ತದೆ. ಮೇಲಿನ ನಡುವಿನಿಂದ ಕೆಳರೆಕ್ಕೆಯ ಹೊರಭಾಗಕ್ಕೆ ಇಳಿಯುವುದು ಇಳಿಯುವ ತಂತಿ. ನೆಲದ ಮೇಲೆ ನಿಂತಾಗ ರೆಕ್ಕೆಯ ಭಾರ ಹೊರುವುದು ಇದು. ವಿಮಾನ ಮೇಲೇರಿದಾಗ ಇದಕ್ಕೆ ಕೆಲಸ ಕಡಿಮೆ. ಆದರೂ ಕಟ್ಟಿಯೇ ಇರಬೇಕು, ಮತ್ತೆ ಇಳಿಯಬೇಕಲ್ಲ.

"ಅಮ್ಮಂದಿರ ಹಾಗೆ" ಎಂದೆ. "ಯಾವ ತಂತಿ?" ಎಂದಳು. "ಇಳಿಯುವುದು."

ಕೊನೆಗೆ ಕೂರಿಸಿದ್ದು ಪೈಲಟ್‌ಗಳನ್ನು. ಈ ವಿಮಾನದಲ್ಲಿ ಮೇಷ್ಟ್ರು ಮುಂದೆ, ವಿದ್ಯಾರ್ಥಿ ಹಿಂದೆ. ಶಿಷ್ಯರ ಮುಖ ನೋಡಿಯೇ ಪಾಠ ಮಾಡಿದ ನನಗೆ ಬೆನ್ನು ತೋರಿಸಿ ಕಲಿಸುವ ಈ ಪದ್ಧತಿ ವಿಚಿತ್ರವೆನಿಸಿತು. ಇಬ್ಬರ ನಡುವೆ ಮಾತಿಗೆ ಒಂದು ಕೊಳವೆ ಮಾತ್ರ. ಕಲಿತು ಮುಗಿಸಿದವರು ಒಬ್ಬರೇ ಹಾರುವಾಗಲೂ ಹಿಂದಿನ ಆಸನದಲ್ಲೇ ಕೂರುತ್ತಾರೆ. ತೂಕದ ಲೆಕ್ಕ ಹಾಗಿದೆ. ಮುಂದಿನದು ಬರಿದಾಗಿರುತ್ತದೆ.

ನಾನು ಹಿಂದಿನ ಬೊಂಬೆಯನ್ನು ಮಾತ್ರ ಅಂಟಿಸಿದೆ. ಮಗಳು ಮುಂದಿನದನ್ನು ಚಿಮುಟದಲ್ಲಿ ಹಿಡಿದು, "ಇದು?" ಎಂದಳು. "ಬೇಡ, ಡಬ್ಬದಲ್ಲಿರಲಿ" ಎಂದೆ. ಅವಳು ಏನೂ ಹೇಳದೆ ನನ್ನ ಹೆಗಲಿಗೆ ಗಲ್ಲ ಊರಿ ಕೂತಳು.

ಹೆಣ್ಣುಮಕ್ಕಳು ಯುದ್ಧವಿಮಾನದ ಪೈಲಟ್‌ಗಳಾಗಿ ವಾಯುಸೇನೆ ಸೇರಿದ್ದು 2016ರ ಜೂನ್‌ನಲ್ಲಿ, ಮೊದಲ ತಂಡ ಮೂವರದು. ಅವರ ತಾಯಂದಿರೂ ಯಾವುದೋ ಒಂದು ಸಂಜೆ ಹೂಂ ಎಂದಿರಬೇಕು. ಮಗಳು ಮೈಸೂರಿಗೆ ಹೋಗಿ ಐದು ದಿನವಾಯಿತು. ಫಲಿತಾಂಶ ಏನೆಂದು ಇದನ್ನು ಬರೆಯುವ ಹೊತ್ತಿಗೆ ತಿಳಿದಿಲ್ಲ. ಆಯ್ಕೆಯಾದರೂ ವೈದ್ಯರ ಪರೀಕ್ಷೆ ಬಾಕಿ. ಶೋಕೇಸಿನಲ್ಲಿಟ್ಟ ವಿಮಾನವನ್ನು ಬಟ್ಟೆಯಲ್ಲಿ ಒರೆಸಬಾರದು, ತಂತಿ ಹರಿಯುತ್ತದೆ, ಬಣ್ಣದ ಕುಂಚದಿಂದ ಮೆಲ್ಲಗೆ ಧೂಳು ಹಾರಿಸಬೇಕು ಎಂದು ಕೆಲಸದ ಹುಡುಗಿಗೆ ಹೇಳಿದ್ದೇನೆ. ಅವಳು ಸದ್ಯ ಅದರ ತಂಟೆಗೇ ಹೋಗುವುದಿಲ್ಲ. "ನೀವೇ ಮಾಡಿ ಟೀಚರ್, ನನಗೆ ಭಯ" ಎನ್ನುತ್ತಾಳೆ. ಭಯ ಯಾರಿಗಿಲ್ಲ? ಕುಂಚ ತೆಗೆದುಕೊಂಡು ನಾನೇ ಮಾಡುತ್ತೇನೆ.