ಬಾರ್ನ್ಸ್ ಜೌಗುನೆಲದ ನೀರಿಲಿ

ಲಂಡನ್ನಿಗೆ ಹೋದವರು ಅರಮನೆ, ವಸ್ತುಸಂಗ್ರಹಾಲಯಗಳನ್ನು ನೋಡಿ ಹಿಂದಿರುಗುವುದು ವಾಡಿಕೆ. ನನಗೆ ಮಾತ್ರ ಬಾರ್ನ್ಸ್ ಎಂಬಲ್ಲಿಯ ಜೌಗುನೆಲವನ್ನು ಕಾಣುವ ಹಂಬಲವಿತ್ತು. ಹ್ಯಾಮರ್‌ಸ್ಮಿತ್ ಸೇತುವೆಯನ್ನು ನಡೆದೇ ದಾಟಿ ಅಲ್ಲಿಗೆ ಹೋದೆ. ಥೇಮ್ಸ್ ನದಿಯು ಬಾಗಿ ಹರಿಯುವ ಈ ಎಡೆಯಲ್ಲಿ ನಗರಕ್ಕೆ ನೀರುಣಿಸುತ್ತಿದ್ದ ನಾಲ್ಕು ಜಲಾಶಯಗಳಿದ್ದವು. ಅವು ನಿರುಪಯುಕ್ತವಾದ ಮೇಲೆ ಹೊಂಡ, ಕಾಲುವೆ, ಜೊಂಡಿನ ತಾಣವಾಗಿ ಮಾರ್ಪಡಿಸಿ 2000ದಲ್ಲಿ ಜನರಿಗೆ ತೆರೆದರು. ಅನಂತರ ನೀರಿಲಿಗಳನ್ನೂ ತಂದು ಬಿಟ್ಟರು.

ಕಾಲುವೆಯ ದಂಡೆಯಲ್ಲಿ ಸುಮ್ಮನೆ ನಿಂತಿದ್ದೆ. 'ಬುಳುಕ್' ಎಂಬ ಸದ್ದು! ಮೊಂಡು ಮೂತಿಯ ಕಂದು ಜೀವಿಯೊಂದು ನೀರಿಗೆ ಧುಮುಕಿ ಈಜತೊಡಗಿತು. ಆಂಗ್ಲರು ಇದನ್ನು 'ವಾಟರ್ ವೋಲ್' ಎನ್ನುವರು. ಕೆನೆತ್ ಗ್ರಹಾಮ್ 1908ರಲ್ಲಿ ಪ್ರಕಟಿಸಿದ ಮಕ್ಕಳ ಕಥೆಯ 'ರ‍್ಯಾಟಿ' ಇದೇ.

ಆಶ್ಚರ್ಯವೆಂದರೆ, ನೀರುನಾಯಿಗಿರುವಂತೆ ಇದರ ಬೆರಳುಗಳ ನಡುವೆ ಪೊರೆಯಿಲ್ಲ. ನಾಯಿಯಂತೆ ಕಾಲು ಬಡಿದೇ ಈಜುತ್ತದೆ. ಇದರ ನಿಜವಾದ ಬಲ ಮೈಯ ತುಪ್ಪಳದಲ್ಲಿದೆ. ದಟ್ಟವಾದ ಒಳರೋಮವು ಗಾಳಿಯನ್ನು ಹಿಡಿದಿಟ್ಟು ದೇಹವನ್ನು ಬೆಚ್ಚಗೂ ಹಗುರಾಗಿಯೂ ಇರಿಸುತ್ತದೆ. ಕಿವಿಗಳು ರೋಮದಲ್ಲಿ ಅಡಗಿವೆ. ಒಳಗಿನ ಚರ್ಮದ ಮಡಿಕೆಯು ನೀರನ್ನು ತಡೆಯುತ್ತದೆ. ಆದರೂ ತಣ್ಣೀರು ಮೈಬಿಸಿಯನ್ನು ಹೀರದೆ ಬಿಡದು. ಆದುದರಿಂದ ಈ ಪುಟ್ಟ ಪ್ರಾಣಿ ದಿನವೊಂದಕ್ಕೆ ತನ್ನ ತೂಕದ ಶೇಕಡ 80ರಷ್ಟು ಹುಲ್ಲು, ಜೊಂಡು ತಿನ್ನಬೇಕಾಗುತ್ತದೆ.

ಇದರ ಬಿಲಕ್ಕೆ ನೀರಿನೊಳಗೊಂದು, ದಡದ ಮೇಲೊಂದು ಬಾಗಿಲು. ಶತ್ರು ಬಂದರೆ ಮುಳುಗಿ, ಕಾಲಿನಿಂದ ಕೆಸರೆಬ್ಬಿಸಿ, ಆ ಮರೆಯಲ್ಲಿ ಒಳಬಾಗಿಲನ್ನು ಸೇರುತ್ತದೆ. ಬಕಪಕ್ಷಿಗೂ ನರಿಗೂ ಆ ಬಾಗಿಲು ದಕ್ಕದು.

ಆದರೆ ಮನುಷ್ಯನು ತಂದ ವೈರಿಯ ಮುಂದೆ ಈ ಜಾಣ್ಮೆ ಸೋತಿತು. ತುಪ್ಪಳದ ಉಡುಪಿಗಾಗಿ 1929ರಿಂದ ಬ್ರಿಟನ್ನಿನಲ್ಲಿ ಅಮೆರಿಕದ 'ಮಿಂಕ್' ಎಂಬ ಪ್ರಾಣಿಯನ್ನು ಸಾಕತೊಡಗಿದರು. ತಪ್ಪಿಸಿಕೊಂಡ ಮಿಂಕ್‌ಗಳು ನದಿಗಳಿಗೆ ಹರಡಿದವು. ಮಿಂಕ್ ಈಜಬಲ್ಲದು, ಹೆಣ್ಣು ಮಿಂಕಿನ ಸಪೂರ ಮೈ ಇಲಿಯ ಬಿಲದೊಳಗೂ ನುಸುಳುತ್ತದೆ. ಜೊತೆಗೆ ದಂಡೆಗಳ ನಾಶ. ಹೀಗೆ ಬ್ರಿಟನ್ನಿನ ನೀರಿಲಿಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅಳಿದವು. ತುಪ್ಪಳದಿಂದ ಬದುಕಿದ ಜೀವಕ್ಕೆ ತುಪ್ಪಳದ ಆಸೆಯೇ ಮೃತ್ಯುವಾಯಿತು!

2008ರಲ್ಲಿ ನೀರಿಲಿಗೆ ಪೂರ್ಣ ಕಾನೂನುರಕ್ಷಣೆ ದೊರೆಯಿತು. ಮಿಂಕ್‌ಗಳನ್ನು ತೆರವುಗೊಳಿಸಿ, ದಂಡೆಗಳನ್ನು ಮತ್ತೆ ಹಸಿರಾಗಿಸಿದ ಕಡೆ ಅದು ಮರಳಿ ನೆಲೆಗೊಳ್ಳುತ್ತಿದೆ. ಕೆಡಿಸಿದ ಕೈಯೇ ಕಟ್ಟಲೂ ಬಲ್ಲದೆಂಬುದಕ್ಕೆ ಆ ಸಂಜೆ ಬಾರ್ನ್ಸ್‌ನಲ್ಲಿ ಕೇಳಿದ ಸಣ್ಣ 'ಬುಳುಕ್' ಸದ್ದೇ ಸಾಕ್ಷಿಯೆನಿಸಿತು. ಸದ್ದಿಲ್ಲದೆ ಹಿಂದಿರುಗಿದೆ.